ತೀವ್ರ ಅಸ್ತಮಾ: ಶ್ವಾಸನಾಳದೊಳಗಿನ ಉರಿಯೂತ ಯಾವ ಬಗೆಯದು?

1950ರ ದಶಕದಲ್ಲಿ ಅಸ್ತಮಾ ರೋಗಿಗಳಲ್ಲಿ ದೊಡ್ಡ ಆಸೆ ಹುಟ್ಟಿಸಿದ್ದು ಸ್ಟೀರಾಯ್ಡ್. ಉಸಿರಿಗಾಗಿ ಒದ್ದಾಡುತ್ತಿದ್ದ ಕೆಲವರು ಮಾತ್ರೆ ನುಂಗಿದ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. ಇನ್ನು ಕೆಲವರಿಗೆ ಅದೇ ಮಾತ್ರೆಯಿಂದ ಏನೂ ಆಗಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1956ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಂತೂ, ದೀರ್ಘಕಾಲದ ಅಸ್ತಮಾಕ್ಕೆ ಕಾರ್ಟಿಸೋನ್ ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ಎದೆರೋಗ ವೈದ್ಯರಾಗಿದ್ದ ಹ್ಯಾರಿ ಮಾರೋ ಬ್ರೌನ್ ಇಷ್ಟಕ್ಕೇ ಸುಮ್ಮನಾಗಲಿಲ್ಲ. ಅವರು ಔಷಧದ ಜೊತೆಗೆ ರೋಗಿಯ ಕಫವನ್ನೂ ನೋಡಿದರು. ಗಾಜಿನ ಪಟ್ಟಿಯ ಮೇಲೆ ಕಫ ಸವರಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ತುಂಬಿದ್ದವರಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಚೆನ್ನಾಗಿ ಹಿಡಿಯಿತು. ಆ ಕಣಗಳಿಲ್ಲದವರಿಗೆ ಹಿಡಿಯಲಿಲ್ಲ. 1958ರಲ್ಲಿ ಇದನ್ನು ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು.

ಇಷ್ಟು ಸ್ಪಷ್ಟವಾದ ಮಾತು ಮುಂದಿನ ನಾಲ್ಕು ದಶಕ ಹೆಚ್ಚುಕಡಿಮೆ ಮೂಲೆಗೆ ಬಿದ್ದಿತ್ತು ಎನ್ನುವುದು ನನಗೆ ಇಂದಿಗೂ ಬೇಸರ ತರಿಸುವ ಸಂಗತಿ. ಅಸ್ತಮಾ ಎಂದರೆ ಒಂದೇ ರೋಗ, ಹೆಚ್ಚಾದರೆ ಔಷಧದ ಪ್ರಮಾಣ ಹೆಚ್ಚಿಸಬೇಕು, ಅಷ್ಟೇ ಎಂಬ ನಂಬಿಕೆ ಗಟ್ಟಿಯಾಗಿ ಉಳಿಯಿತು. ಇಂದು ತೀವ್ರ ಅಸ್ತಮಾದ ಚಿಕಿತ್ಸೆ ಬದಲಾಗಿದ್ದರೆ ಅದಕ್ಕೆ ಕಾರಣ, ವೈದ್ಯರು ‘ಎಷ್ಟು ಜೋರಾಗಿದೆ’ ಎನ್ನುವುದಕ್ಕಿಂತ ಮೊದಲು ‘ಯಾವ ಬಗೆಯ ಉರಿಯೂತ’ ಎಂದು ಕೇಳಲು ಕಲಿತದ್ದು. ಆ ಉರಿಯೂತವನ್ನು ನಡೆಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ.

ಅಸ್ತಮಾದಲ್ಲಿ ಶ್ವಾಸನಾಳ ಬಿಗಿದುಕೊಳ್ಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಾಳದ ಸುತ್ತ ಇರುವ ಸ್ನಾಯು ಸಂಕುಚಿತಗೊಂಡಾಗ ಎದೆಯಲ್ಲಿ ಸುಂಯ್ ಎಂಬ ಸದ್ದು ಬರುತ್ತದೆ. ಸಾಲ್ಬುಟಮಾಲ್ ಪಂಪ್ ಎರಡು ಬಾರಿ ಎಳೆದುಕೊಂಡರೆ ಆ ಸ್ನಾಯು ಕೆಲವೇ ನಿಮಿಷಗಳಲ್ಲಿ ಸಡಿಲವಾಗುತ್ತದೆ. ಆದರೆ ನಾಳ ಕಿರಿದಾಗಲು ಇನ್ನೆರಡು ಕಾರಣಗಳಿವೆ. ಒಳಪದರ ಊದಿಕೊಂಡಿರುತ್ತದೆ, ಒಳಗೆ ಅಂಟಾದ ಲೋಳೆ ಕಟ್ಟಿಕೊಂಡಿರುತ್ತದೆ. ಈ ಎರಡರ ಮೇಲೆ ಸಾಲ್ಬುಟಮಾಲ್‌ ನಡೆಯುವುದಿಲ್ಲ. ನಾಳ ಸ್ವಲ್ಪವೇ ಕಿರಿದಾದರೂ ಅದರ ಪರಿಣಾಮ ದೊಡ್ಡದು. ನೇರ ಕೊಳವೆಯಲ್ಲಿ ಗಾಳಿ ಶಾಂತವಾಗಿ ಹರಿಯುವಾಗ ಅದಕ್ಕೆ ಎದುರಾಗುವ ತಡೆ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ಅಂದರೆ ತ್ರಿಜ್ಯ ಅರ್ಧಕ್ಕೆ ಇಳಿದರೆ ತಡೆ 16 ಪಟ್ಟು ಏರುತ್ತದೆ. ಶ್ವಾಸಕೋಶದ ಕವಲುಗಳಲ್ಲಿ ಲೆಕ್ಕ ಇಷ್ಟು ಸರಳವಲ್ಲದಿದ್ದರೂ, ಎರಡು ಮಿಲಿಮೀಟರ್ ಅಗಲದ ನಾಳದಲ್ಲಿ ಕೂದಲೆಳೆಯಷ್ಟು ಊತಕ್ಕೂ ಮನುಷ್ಯ ಏಕೆ ಏದುಸಿರು ಬಿಡುತ್ತಾನೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಆ ಊತ ಎಲ್ಲಿಂದ ಬರುತ್ತದೆ? ಶ್ವಾಸನಾಳದ ಒಳಮೈಗೆ ಹೊದಿಸಿದ ತೆಳುವಾದ ಕೋಶಪದರವನ್ನು ಬಹುಕಾಲ ಬರಿಯ ಗೋಡೆ ಎಂದೇ ಭಾವಿಸಲಾಗಿತ್ತು. ಅದು ಗೋಡೆಯೂ ಹೌದು, ಕಾವಲುಗಾರನೂ ಹೌದು. ಧೂಳುಹುಳದ ಕಿಣ್ವ, ನೆಗಡಿಯ ವೈರಾಣು, ಶಿಲೀಂಧ್ರದ ಬೀಜಕ, ವಾಹನದ ಹೊಗೆ ತಾಗಿ ಈ ಪದರ ಗಾಸಿಗೊಂಡರೆ ಅದು ಮೂರು ಎಚ್ಚರಿಕೆಯ ಅಣುಗಳನ್ನು ಹೊರಬಿಡುತ್ತದೆ: ಟಿಎಸ್‌ಎಲ್‌ಪಿ, ಇಂಟರ್‌ಲ್ಯೂಕಿನ್-33, ಇಂಟರ್‌ಲ್ಯೂಕಿನ್-25. ಇವುಗಳ ಕರೆಗೆ ಎರಡು ಬಗೆಯ ಕೋಶಗಳು ಓಗೊಡುತ್ತವೆ. ಮೊದಲನೆಯದು, ಹಿಂದೆ ಕಂಡ ಅಲರ್ಜಿಕಾರಕವನ್ನು ನೆನಪಿಟ್ಟುಕೊಂಡಿರುವ ಟಿ-ಸಹಾಯಕ-2 ಕೋಶ. ಎರಡನೆಯದು 2010ರ ಸುಮಾರಿಗಷ್ಟೇ ವಿಜ್ಞಾನಿಗಳ ಕಣ್ಣಿಗೆ ಸರಿಯಾಗಿ ಬಿದ್ದ ಐಎಲ್‌ಸಿ-2 ಎಂಬ ಜನ್ಮಜಾತ ಕೋಶ. ಇದಕ್ಕೆ ನೆನಪೂ ಬೇಡ, ಅಲರ್ಜಿಯೂ ಬೇಡ; ಎಚ್ಚರಿಕೆಯ ಅಣು ತಾಗಿದರೆ ಸಾಕು.

ಈ ಎರಡನೆಯ ಕೋಶದ ಪತ್ತೆಯಿಂದ ಒಂದು ಹಳೆಯ ಒಗಟು ಬಿಡಿಸಿಕೊಂಡಿತು. ಬಾಲ್ಯದಲ್ಲಿ ಎಂದೂ ಉಬ್ಬಸವಿಲ್ಲದ, ಚರ್ಮಪರೀಕ್ಷೆಯಲ್ಲಿ ಯಾವ ಅಲರ್ಜಿಯೂ ಕಾಣದ ವ್ಯಕ್ತಿಗೆ ನಲವತ್ತರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಅಸ್ತಮಾ ಶುರುವಾಗುತ್ತದೆ. ಮೂಗಿನೊಳಗೆ ಗಂಟುಗಳು ಬೆಳೆದು ವಾಸನೆ ಹಿಡಿಯುವ ಶಕ್ತಿ ಹೋಗಿರುತ್ತದೆ. ಕೆಲವರಿಗೆ ಒಂದು ಆಸ್ಪಿರಿನ್ ಅಥವಾ ನೋವಿನ ಮಾತ್ರೆ ನುಂಗಿದರೂ ಉಸಿರು ಕಟ್ಟುತ್ತದೆ. ರಕ್ತದಲ್ಲಿ ಇಯೊಸಿನೊಫಿಲ್ ಏರಿರುತ್ತದೆ. ಅಲರ್ಜಿ ಇಲ್ಲದೆ ಅಲರ್ಜಿಯಂಥ ಉರಿಯೂತ ಹೇಗೆ ಎಂಬ ಪ್ರಶ್ನೆಗೆ ಈ ಜನ್ಮಜಾತ ಕೋಶ ಬಹುಮಟ್ಟಿಗೆ ಉತ್ತರ ಕೊಟ್ಟಿತು. ಎಷ್ಟೋ ಮನೆಗಳಲ್ಲಿ ‘ಯಾವುದರ ಅಲರ್ಜಿ’ ಎಂದು ಹುಡುಕುತ್ತ ಬದನೆಕಾಯಿ, ಬಾಳೆಹಣ್ಣು, ಮೊಸರು ಎಲ್ಲವನ್ನೂ ಬಿಟ್ಟುಬಿಡುತ್ತಾರೆ. ಈ ಬಗೆಯ ರೋಗಿಗೆ ಅದರಿಂದ ಬಾಯಿರುಚಿ ಕೆಡುವುದೇ ಹೊರತು ಉಸಿರು ಸರಾಗವಾಗುವುದಿಲ್ಲ.

ಎರಡೂ ಕೋಶಗಳು ಕೊನೆಗೆ ಹೊರಹಾಕುವ ಸಂದೇಶಗಳು ಬಹುತೇಕ ಒಂದೇ. ಇಂಟರ್‌ಲ್ಯೂಕಿನ್-4 ಪ್ರತಿಕಾಯ ತಯಾರಿಸುವ ಕೋಶಗಳನ್ನು ಐಜಿಇ ತಯಾರಿಸುವತ್ತ ತಿರುಗಿಸುತ್ತದೆ. ಅಲರ್ಜಿಯ ಪ್ರತಿಕಾಯವಾದ ಈ ಐಜಿಇ, ಮಾಸ್ಟ್ ಎಂಬ ರಕ್ಷಣಾ ಕೋಶಗಳ ಮೈಮೇಲೆ ಕುಳಿತು, ಅಲರ್ಜಿಕಾರಕ ತಾಗಿದ ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್, ಲ್ಯೂಕೋಟ್ರೈನ್‌ಗಳೆಂಬ ಕೆರಳಿಸುವ ರಾಸಾಯನಿಕಗಳನ್ನು ಅವುಗಳಿಂದ ಸುರಿಸುತ್ತದೆ. ಇಂಟರ್‌ಲ್ಯೂಕಿನ್-13 ಲೋಳೆ ಸ್ರವಿಸುವ ಕೋಶಗಳನ್ನು ಹೆಚ್ಚಿಸುತ್ತದೆ, ಸ್ನಾಯುವನ್ನು ಮುಂಗೋಪಿಯಾಗಿಸುತ್ತದೆ, ಜೊತೆಗೆ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಉತ್ಪಾದನೆಯನ್ನು ಏರಿಸುತ್ತದೆ. ಬಿಡುವ ಉಸಿರಿನಲ್ಲಿ ಆ ಅನಿಲವನ್ನು ಅಳೆಯುವ ಫೀನೋ ಪರೀಕ್ಷೆ ಈಗ ದೊಡ್ಡ ಊರುಗಳ ಶ್ವಾಸಕೋಶ ಚಿಕಿತ್ಸಾಲಯಗಳಲ್ಲಿ ಸಿಗುತ್ತದೆ. ವಯಸ್ಕರಲ್ಲಿ ನೂರು ಕೋಟಿಗೆ 50 ಭಾಗಕ್ಕಿಂತ ಹೆಚ್ಚಿದ್ದರೆ ಅದು ಈ ಬಗೆಯ ಉರಿಯೂತದ ಸ್ಪಷ್ಟ ಸುಳಿವು. ಇನ್ನು ಇಂಟರ್‌ಲ್ಯೂಕಿನ್-5. ಅಸ್ಥಿಮಜ್ಜೆಯಲ್ಲಿ ಇಯೊಸಿನೊಫಿಲ್‌ಗಳು ಹುಟ್ಟಿ ಬಲಿಯಲು, ಶ್ವಾಸನಾಳದಲ್ಲಿ ಸಾಯದೆ ಉಳಿಯಲು ಬೇಕಾದದ್ದು ಇದು. ಈ ಇಡೀ ಸರಣಿಗೆ ವೈದ್ಯರು ಟೈಪ್-2 ಉರಿಯೂತ ಎನ್ನುತ್ತಾರೆ.

ಇಯೊಸಿನೊಫಿಲ್ ಅನ್ನು ಹತ್ತಿರದಿಂದ ನೋಡಬೇಕು. 1879ರಲ್ಲಿ ಪಾಲ್ ಎರ್ಲಿಕ್ ಇಯೊಸಿನ್ ಎಂಬ ಕೆಂಪು ಬಣ್ಣ ಹಾಕಿ ಇದನ್ನು ಗುರುತಿಸಿದರು. ಬಣ್ಣ ಹಿಡಿದ ಪಟ್ಟಿಯಲ್ಲಿ ಇದನ್ನು ತಪ್ಪಿಸಿಕೊಳ್ಳುವುದೇ ಕಷ್ಟ: ಎರಡು ಹೋಳಾದ ನೀಲಿ ನ್ಯೂಕ್ಲಿಯಸ್, ಸುತ್ತಲೂ ದಾಳಿಂಬೆಯ ಕಾಳಿನಂತೆ ಒತ್ತೊತ್ತಾಗಿ ತುಂಬಿದ ಕೆಂಪು ಹರಳುಗಳು. ಆ ಹರಳುಗಳಲ್ಲಿರುವ ಪ್ರೋಟೀನ್‌ಗಳು ಹೊಟ್ಟೆಹುಳುವಿನಂಥ ದೊಡ್ಡ ಪರಾವಲಂಬಿಯ ಮೈಯನ್ನು ತೂತು ಮಾಡಲು ಇರುವಂಥವು. ಶ್ವಾಸನಾಳದಲ್ಲಿ ಹುಳುವಿಲ್ಲ, ಇರುವುದು ನಮ್ಮದೇ ಕೋಶಪದರ. ಅದೇ ಕಿತ್ತುಹೋಗುತ್ತದೆ. ಅಸ್ತಮಾ ರೋಗಿಯ ಕಫವನ್ನು ನೋಡುವಾಗ ಎರಡೂ ತುದಿ ಚೂಪಾದ, ಬಣ್ಣವಿಲ್ಲದ ಸೂಜಿಯಂಥ ಹರಳುಗಳೂ ಕಾಣಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲೇ ಇವನ್ನು ಕಂಡ ಶಾರ್ಕೋ ಮತ್ತು ಲೈಡನ್ ಅವರ ಹೆಸರು ಈ ಹರಳುಗಳಿಗಿದೆ. ಇಯೊಸಿನೊಫಿಲ್ ಒಡೆದು ಸತ್ತಾಗ ಅದರೊಳಗಿನ ಗ್ಯಾಲೆಕ್ಟಿನ್-10 ಎಂಬ ಪ್ರೋಟೀನ್ ಹೀಗೆ ಹರಳುಗಟ್ಟುತ್ತದೆ. ಬಹುಕಾಲ ಇದನ್ನು ಬರಿಯ ಅವಶೇಷ ಎಂದುಕೊಂಡಿದ್ದರು. 2019ರಲ್ಲಿ ಬೆಲ್ಜಿಯಂ ಸಂಶೋಧಕರು, ಈ ಹರಳುಗಳೇ ಮತ್ತೆ ಉರಿಯೂತವನ್ನು ಕೆರಳಿಸುತ್ತವೆ ಎಂದು ಇಲಿಗಳಲ್ಲಿ ತೋರಿಸಿದರು. ಸತ್ತ ಕಣವೂ ಸುಮ್ಮನಿರುವುದಿಲ್ಲ.

ಇದರ ಕೆಟ್ಟ ಫಲ ಲೋಳೆಯ ಬಿರಡೆ. ಅಸ್ತಮಾದಿಂದ ಸತ್ತವರ ಶ್ವಾಸಕೋಶಗಳನ್ನು ಪರೀಕ್ಷಿಸಿದ ರೋಗಶಾಸ್ತ್ರಜ್ಞರು 1922ರ ಹೊತ್ತಿಗೇ ಇದನ್ನು ವಿವರವಾಗಿ ದಾಖಲಿಸಿದ್ದರು: ಗಾಳಿ ತುಂಬಿ ಉಬ್ಬಿದ ಶ್ವಾಸಕೋಶ, ದಪ್ಪಗಾದ ನಾಳದ ಗೋಡೆ, ಕವಲು ಕವಲಿನಲ್ಲೂ ಗಟ್ಟಿಯಾಗಿ ಕೂತ ಲೋಳೆ. ಸಾವಿನ ಹೊತ್ತಿಗಷ್ಟೇ ಹೀಗಾಗುತ್ತದೆ ಎಂದು ಭಾವಿಸಲಾಗಿತ್ತು. ಈಚಿನ ವರ್ಷಗಳ ಸಿಟಿ ಸ್ಕ್ಯಾನ್ ಅಧ್ಯಯನಗಳು ಬೇರೆಯೇ ಮಾತು ಹೇಳಿದವು. ಓಡಾಡಿಕೊಂಡಿರುವ ರೋಗಿಗಳಲ್ಲೂ ಇಂಥ ಬಿರಡೆಗಳಿರುತ್ತವೆ, ಎಷ್ಟೋ ಸಲ ವರ್ಷಗಟ್ಟಲೆ ಅದೇ ಕವಲಿನಲ್ಲಿ. ಕೆಮ್ಮು, ಕಫ ಅಷ್ಟಾಗಿ ಇಲ್ಲದವರಲ್ಲೂ ಇರಬಹುದು. ಪಂಪ್ ಎಷ್ಟು ಎಳೆದರೂ ಉಸಿರು ಪೂರ್ತಿ ತೆರೆಯುವುದಿಲ್ಲ ಎಂದು ರೋಗಿ ಹೇಳಿದಾಗ ಅದನ್ನು ಗಾಬರಿ ಎಂದು ತಳ್ಳಿಹಾಕುವವರಿದ್ದಾರೆ. ಮುಚ್ಚಿದ ನಾಳದೊಳಗೆ ಔಷಧ ಹೋಗುವುದಾದರೂ ಹೇಗೆ?

ಉಬ್ಬಸ ಜೋರಾಗಿರುವವರೆಲ್ಲ ತೀವ್ರ ಅಸ್ತಮಾದವರಲ್ಲ. ವೈದ್ಯಕೀಯ ವ್ಯಾಖ್ಯೆ ಕಟ್ಟುನಿಟ್ಟಾಗಿದೆ: ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಇನ್‌ಹೇಲರ್ ಜೊತೆಗೆ ದೀರ್ಘಕಾಲ ನಾಳ ತೆರೆದಿಡುವ ಔಷಧವನ್ನೂ ಸರಿಯಾಗಿ ತೆಗೆದುಕೊಂಡ ಮೇಲೂ ಹತೋಟಿಗೆ ಬಾರದ, ಅಥವಾ ಪ್ರಮಾಣ ಇಳಿಸಿದ ಕೂಡಲೇ ಹದಗೆಡುವ ಅಸ್ತಮಾ. ಅಸ್ತಮಾ ಇರುವವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಈ ಗುಂಪಿಗೆ ಸೇರುತ್ತಾರೆ ಎಂಬುದು ಸಾಮಾನ್ಯ ಅಂದಾಜು. ಇಲ್ಲಿ ‘ಸರಿಯಾಗಿ ತೆಗೆದುಕೊಂಡ ಮೇಲೂ’ ಎಂಬ ಮಾತಿಗೆ ನಮ್ಮಲ್ಲಿ ಬಹಳ ತೂಕವಿದೆ. ಪಂಪ್ ಹಿಡಿದರೆ ಮತ್ತೆ ಬಿಡಲಾಗದು, ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಮಂದಿ ನಿತ್ಯದ ಸ್ಟೀರಾಯ್ಡ್ ಇನ್‌ಹೇಲರನ್ನು ಬಿಟ್ಟು, ತಕ್ಷಣ ಹಾಯೆನಿಸುವ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಂಡಿರುತ್ತಾರೆ. ಅದು ಸ್ನಾಯುವನ್ನು ಸಡಿಲಿಸುತ್ತದೆ, ಉರಿಯೂತ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಜಾಗತಿಕ ಅಸ್ತಮಾ ಮಾರ್ಗಸೂಚಿಯಾದ ಜಿನಾ 2019ರಲ್ಲಿ, ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸಾಲ್ಬುಟಮಾಲ್ ಮಾತ್ರ ಕೊಡುವ ಚಿಕಿತ್ಸೆಯನ್ನು ಕೈಬಿಡಲು ಹೇಳಿದ್ದು ಇದೇ ಕಾರಣಕ್ಕೆ. ಪಂಪ್ ಒತ್ತುವ ಗಳಿಗೆ ಮತ್ತು ಉಸಿರೆಳೆಯುವ ಗಳಿಗೆ ಹೊಂದದಿದ್ದರೆ ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಇದನ್ನೆಲ್ಲ ನೋಡಿ ಸರಿಪಡಿಸಿದ ಮೇಲೂ ಉಳಿಯುವುದೇ ನಿಜವಾದ ತೀವ್ರ ಅಸ್ತಮಾ.

ಅಂಥವರಿಗಾಗಿ ಇಂಟರ್‌ಲ್ಯೂಕಿನ್-5ನ್ನು ಹಿಡಿದಿಡುವ ಮೆಪೊಲಿಜುಮ್ಯಾಬ್ ಎಂಬ ಪ್ರತಿಕಾಯ ತಯಾರಾಯಿತು. ತರ್ಕ ಸರಿಯಾಗಿಯೇ ಇತ್ತು. ಆದರೂ 2007ರಲ್ಲಿ ಪ್ರಕಟವಾದ, 362 ರೋಗಿಗಳ ಪ್ರಯೋಗದಲ್ಲಿ ಅದು ಸೋತಿತು. ಇಯೊಸಿನೊಫಿಲ್ ಸಂಖ್ಯೆ ಇಳಿಯಿತು, ರೋಗಿಗಳ ಉಸಿರಾಟ ಸುಧಾರಿಸಲಿಲ್ಲ. ಅಸ್ತಮಾದಲ್ಲಿ ಇಯೊಸಿನೊಫಿಲ್‌ನದು ದೊಡ್ಡ ಪಾತ್ರವಲ್ಲ ಎಂದು ಬರೆದವರೂ ಇದ್ದರು. ಇಂಗ್ಲೆಂಡಿನ ಲೆಸ್ಟರ್ ಮತ್ತು ಕೆನಡಾದ ಹ್ಯಾಮಿಲ್ಟನ್‌ನ ವೈದ್ಯರು ಬೇರೆ ರೀತಿ ಯೋಚಿಸಿದರು. ಕಫ ನೋಡಿ ಚಿಕಿತ್ಸೆ ಕೊಡುವ ರೂಢಿ ಅವರಲ್ಲಿ ಮೊದಲೇ ಇತ್ತು. 2002ರಲ್ಲಿ ಲೆಸ್ಟರ್‌ನವರು 74 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕಫದ ಇಯೊಸಿನೊಫಿಲ್ ಎಣಿಕೆಯಂತೆ ಸ್ಟೀರಾಯ್ಡ್ ಹೊಂದಿಸಿದ್ದರು. ಆ ಗುಂಪಿನಲ್ಲಿ ವರ್ಷದಲ್ಲಿ 35 ತೀವ್ರ ಉಲ್ಬಣಗಳಾದರೆ, ಮಾಮೂಲು ರೀತಿಯಲ್ಲಿ ಚಿಕಿತ್ಸೆ ಪಡೆದ ಗುಂಪಿನಲ್ಲಿ 109 ಆಗಿದ್ದವು. ಈ ಅನುಭವವಿದ್ದ ಎರಡೂ ತಂಡಗಳು, ಸ್ಟೀರಾಯ್ಡ್ ತೆಗೆದುಕೊಂಡರೂ ಇಯೊಸಿನೊಫಿಲ್ ಹೆಚ್ಚೇ ಉಳಿದಿರುವ ರೋಗಿಗಳನ್ನು ಮಾತ್ರ ಆರಿಸಿ ಮೆಪೊಲಿಜುಮ್ಯಾಬ್ ಕೊಟ್ಟವು. 2009ರಲ್ಲಿ ಎರಡೂ ವರದಿಗಳು ಒಟ್ಟಿಗೆ ಹೊರಬಂದವು. ಲೆಸ್ಟರ್‌ನ 61 ರೋಗಿಗಳಲ್ಲಿ ಔಷಧ ಪಡೆದವರಿಗೆ ವರ್ಷಕ್ಕೆ ಸರಾಸರಿ 2 ಉಲ್ಬಣ, ಪಡೆಯದವರಿಗೆ 3.4. ಹ್ಯಾಮಿಲ್ಟನ್‌ನಲ್ಲಿ ಇದ್ದದ್ದು ಕೇವಲ 20 ರೋಗಿಗಳು. ಅವರ ಸ್ಟೀರಾಯ್ಡ್ ಮಾತ್ರೆ ಕಡಿಮೆ ಮಾಡಲು ಸಾಧ್ಯವಾಯಿತು.

ಲೆಸ್ಟರ್‌ನ ಫಲಿತಾಂಶದಲ್ಲಿ ಇನ್ನೂ ಒಂದು ವಿಷಯವಿತ್ತು, ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಉಲ್ಬಣಗಳು ಕಡಿಮೆಯಾದರೂ ದಿನನಿತ್ಯದ ಉಸಿರಾಟದ ಅಳತೆ, ಕೆಮ್ಮು, ಎದೆಬಿಗಿತ ಅಷ್ಟಾಗಿ ಬದಲಾಗಲಿಲ್ಲ. ಅಂದರೆ ದಿನದಿನದ ತೊಂದರೆಯನ್ನು ನಡೆಸುವುದು ಒಂದು, ಆಸ್ಪತ್ರೆಗೆ ಹೊತ್ತೊಯ್ಯುವ ಉಲ್ಬಣವನ್ನು ನಡೆಸುವುದು ಇನ್ನೊಂದು. ಮೊದಲನೆಯದರಲ್ಲಿ ಸ್ನಾಯುವಿನ ಪಾಲು ಹೆಚ್ಚು, ಎರಡನೆಯದರಲ್ಲಿ ಇಯೊಸಿನೊಫಿಲ್‌ ಪಾಲು ಹೆಚ್ಚು. ಇಂದು ಆರಾಮವಾಗಿ ಕಾಣುವ ರೋಗಿಯೇ ನಾಳೆ ರಾತ್ರಿ ತುರ್ತು ಚಿಕಿತ್ಸಾ ಘಟಕದಲ್ಲಿರಬಹುದು. ಲಕ್ಷಣ ಕೇಳಿ ಅಪಾಯವನ್ನು ಅಳೆಯಲು ಆಗುವುದಿಲ್ಲ. 2007ರ ಪ್ರಯೋಗ ಸೋತದ್ದೂ ಇದರಿಂದಲೇ. ಅಲ್ಲಿ ಇಯೊಸಿನೊಫಿಲ್ ನೋಡಿ ರೋಗಿಗಳನ್ನು ಆರಿಸಿರಲಿಲ್ಲ, ಮುಖ್ಯವಾಗಿ ಅಳೆದದ್ದು ಉಸಿರಾಟವನ್ನು.

ಆಮೇಲೆ ಹಾದಿ ಬೇಗ ತೆರೆಯಿತು. ಐಜಿಇಯನ್ನು ತಡೆಯುವ ಒಮಾಲಿಜುಮ್ಯಾಬ್‌ಗೆ ಅಮೆರಿಕದಲ್ಲಿ 2003ರಲ್ಲೇ ಅನುಮತಿ ಸಿಕ್ಕಿತ್ತು. ಮೆಪೊಲಿಜುಮ್ಯಾಬ್‌ಗೆ 2015ರಲ್ಲಿ, ಇಯೊಸಿನೊಫಿಲ್‌ ಅನ್ನೇ ಗುರಿಯಿಟ್ಟು ಅಳಿಸುವ ಬೆನ್ರಾಲಿಜುಮ್ಯಾಬ್‌ಗೆ 2017ರಲ್ಲಿ, ಇಂಟರ್‌ಲ್ಯೂಕಿನ್-4 ಮತ್ತು 13 ಎರಡರ ಬಾಗಿಲನ್ನೂ ಮುಚ್ಚುವ ಡ್ಯುಪಿಲುಮ್ಯಾಬ್‌ಗೆ 2018ರಲ್ಲಿ ಅಸ್ತಮಾಕ್ಕಾಗಿ ಅನುಮತಿ ದೊರೆಯಿತು. ಸರಣಿಯ ಮೊದಲ ಕೊಂಡಿಯಾದ ಟಿಎಸ್‌ಎಲ್‌ಪಿಯನ್ನೇ ಹಿಡಿಯುವ ಟೆಜೆಪೆಲುಮ್ಯಾಬ್ ಬಂದದ್ದು 2021ರಲ್ಲಿ. ಇವೆಲ್ಲ ಚರ್ಮದಡಿ ಕೊಡುವ ಚುಚ್ಚುಮದ್ದುಗಳು. ಇವು ರೋಗವನ್ನು ಬೇರು ಸಹಿತ ಕೀಳುವುದಿಲ್ಲ, ನಿಲ್ಲಿಸಿದರೆ ಹಲವರಲ್ಲಿ ಮತ್ತೆ ತಲೆಯೆತ್ತುತ್ತದೆ. ಬೆಲೆಯಂತೂ ಒಂದು ಸಲಕ್ಕೇ ಹತ್ತಾರು ಸಾವಿರ ರೂಪಾಯಿ. ಭಾರತದಲ್ಲಿ ಇವುಗಳ ಅಗತ್ಯವಿರುವ ಹೆಚ್ಚಿನವರ ಕೈಗೆ ಇವು ಎಟುಕುವುದಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಅವರ ಪಾಲಿಗೆ ಉಳಿಯುವುದು ಸ್ಟೀರಾಯ್ಡ್ ಮಾತ್ರೆ. ಅದನ್ನು ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ ಜೊತೆಗೆ ಬರುತ್ತವೆ.

ನಮ್ಮ ನೆಲದಲ್ಲಿ ಇಯೊಸಿನೊಫಿಲ್ ಏರಿದ್ದನ್ನು ನೋಡಿದ ಕೂಡಲೇ ಅಸ್ತಮಾದ ತೀರ್ಮಾನಕ್ಕೆ ಬರುವಂತಿಲ್ಲ. ಹೊಟ್ಟೆಹುಳುವಿನಿಂದಲೂ ಅದು ಏರುತ್ತದೆ. ಆನೆಕಾಲು ರೋಗದ ಫೈಲೇರಿಯಾ ಹುಳುವಿನ ಮರಿಗಳು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ರಾತ್ರಿ ಹೊತ್ತು ಬಿಡದ ಕೆಮ್ಮು, ಉಬ್ಬಸ ಬರುತ್ತದೆ. ರಕ್ತದ ಇಯೊಸಿನೊಫಿಲ್ ಮೈಕ್ರೋಲೀಟರಿಗೆ ಮೂರು ಸಾವಿರವನ್ನೂ ದಾಟುತ್ತದೆ. ಇದನ್ನು 1940ರಲ್ಲಿ ಮೊದಲಿಗೆ ವಿವರಿಸಿದವರಲ್ಲಿ ನಮ್ಮ ಕೋಲಾರದ ಗಡಿಯಾಚೆಯ ಮದನಪಲ್ಲಿಯ ಕ್ಷಯರೋಗ ಆಸ್ಪತ್ರೆಯ ವೈದ್ಯರೂ ಇದ್ದರು. ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ ರೋಗ ಎಂದೇ ಅವರು ಬರೆದರು. ಕರಾವಳಿಯಲ್ಲಿ, ಕಲಬುರಗಿ, ಬೀದರ, ಯಾದಗಿರಿ ಕಡೆ ಹುಟ್ಟಿ ಬೆಳೆದವರಲ್ಲಿ ಇದನ್ನು ಇಂದಿಗೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇದಕ್ಕೆ ಡೈಈಥೈಲ್‌ಕಾರ್ಬಮಜೈನ್ ಮಾತ್ರೆ ಸಾಕು, ದುಬಾರಿ ಚುಚ್ಚುಮದ್ದು ಬೇಡ. ಮಣ್ಣಿನಿಂದ ಬರಿಗಾಲಿನ ಮೂಲಕ ದೇಹ ಸೇರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿದ್ದವರಿಗೆ ಪರೀಕ್ಷಿಸದೆ ಸ್ಟೀರಾಯ್ಡ್ ಕೊಟ್ಟರೆ ಹುಳು ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತಾಗಬಹುದು.

ಇನ್ನೊಂದು, ಆಸ್ಪರ್ಜಿಲಸ್ ಶಿಲೀಂಧ್ರ. ಒದ್ದೆ ಗೋಡೆ, ಗೊಬ್ಬರದ ಗುಂಡಿ, ಹಳೆಯ ಹುಲ್ಲಿನ ಬಣವೆಯಿಂದ ಏಳುವ ಇದರ ಬೀಜಕಗಳನ್ನು ಎಲ್ಲರೂ ಉಸಿರಾಡುತ್ತೇವೆ. ಕೆಲವು ಅಸ್ತಮಾ ರೋಗಿಗಳಲ್ಲಿ ಮಾತ್ರ ಅವು ಲೋಳೆಯಲ್ಲಿ ಬೇರೂರಿ ರೋಗನಿರೋಧಕ ವ್ಯವಸ್ಥೆಯನ್ನು ಹುಚ್ಚೆಬ್ಬಿಸುತ್ತವೆ. ರಕ್ತದ ಒಟ್ಟು ಐಜಿಇ ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಕಂದು ಬಣ್ಣದ ಗಟ್ಟಿ ಕಫದ ತುಂಡುಗಳು ಬೀಳುತ್ತವೆ. ಎಕ್ಸ್-ರೇಯಲ್ಲಿ ಮೇಲ್ಭಾಗದಲ್ಲಿ ನೆರಳು ಕಾಣುತ್ತದೆ. ನಮ್ಮ ದೇಶದಲ್ಲಿ ಆ ನೆರಳನ್ನು ಕ್ಷಯವೆಂದು ತಿಳಿದು, ಕಫದಲ್ಲಿ ರೋಗಾಣು ಸಿಗದಿದ್ದರೂ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ತುಂಬ ಇವೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಈ ರೋಗದ ಬಗ್ಗೆ ನಡೆಸಿರುವ ಅಧ್ಯಯನಗಳನ್ನು ಇಂದು ಜಗತ್ತಿನ ಮಾರ್ಗಸೂಚಿಗಳು ಆಧರಿಸುತ್ತವೆ. ಹತೋಟಿಗೆ ಬಾರದ ಅಸ್ತಮಾ ಇರುವ ಪ್ರತಿಯೊಬ್ಬರಿಗೂ ಒಮ್ಮೆ ಆಸ್ಪರ್ಜಿಲಸ್ ವಿರುದ್ಧದ ಐಜಿಇ ಪರೀಕ್ಷೆ ಮಾಡಿಸಬೇಕು ಎಂಬುದು ಆ ಅಧ್ಯಯನಗಳಿಂದ ಬಂದ ಸಲಹೆ. ಇಟ್ರಾಕೊನಜೋಲ್‌ನಂಥ ಶಿಲೀಂಧ್ರನಾಶಕ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಟೈಪ್-2 ಅಲ್ಲದ ತೀವ್ರ ಅಸ್ತಮಾವೂ ಇದೆ, ಅಲ್ಲಿ ದಾರಿ ಅಷ್ಟು ಬೆಳಕಾಗಿಲ್ಲ. ಈ ರೋಗಿಗಳ ಕಫದಲ್ಲಿ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಹೆಚ್ಚಿರಬಹುದು, ಅಥವಾ ಯಾವ ಉರಿಯೂತದ ಕಣವೂ ಎದ್ದು ಕಾಣದಿರಬಹುದು. ಧೂಮಪಾನ, ಸ್ಥೂಲಕಾಯ, ಪದೇ ಪದೇ ಬರುವ ಸೋಂಕು ಇಂಥವರಲ್ಲಿ ಸಾಮಾನ್ಯ. ಇಂಟರ್‌ಲ್ಯೂಕಿನ್-17ನ್ನು ತಡೆದು ನೋಡಿದ ಪ್ರಯೋಗ 2013ರಲ್ಲಿ ಫಲ ಕೊಡಲಿಲ್ಲ. 2017ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 420 ರೋಗಿಗಳ ಪೈಕಿ ವಾರಕ್ಕೆ ಮೂರು ಸಲ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಪಡೆದವರಲ್ಲಿ ಉಲ್ಬಣಗಳು ಕಡಿಮೆಯಾದವು. ಆದರೆ ಅದನ್ನು ಶುರು ಮಾಡುವ ಮೊದಲು ಕಫದಲ್ಲಿ ಕ್ಷಯ ಮತ್ತು ಅದರ ಸೋದರ ರೋಗಾಣುಗಳಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು, ಇಸಿಜಿಯನ್ನೂ ನೋಡಬೇಕು. ಇಂಥ ರೋಗಿಗೆ ಸ್ಟೀರಾಯ್ಡ್ ಪ್ರಮಾಣ ಏರಿಸುತ್ತ ಹೋಗುವುದು ಬರಿಯ ಅಡ್ಡಪರಿಣಾಮಗಳನ್ನು ಕೂಡಿಹಾಕಿದಂತೆ.

ರೋಗಿ ಯಾವ ಗುಂಪಿನವರು ಎಂದು ತಿಳಿಯಲು ಮೊದಲ ಹೆಜ್ಜೆ ಅಗ್ಗದ್ದು, ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುವಂಥದ್ದು: ಮಾಮೂಲಿ ಪೂರ್ಣ ರಕ್ತಕಣ ಎಣಿಕೆ. ವರದಿಯಲ್ಲಿ ಒಟ್ಟು ಬಿಳಿ ರಕ್ತಕಣ 8,000 ಎಂದೂ ಇಯೊಸಿನೊಫಿಲ್ ಶೇಕಡಾ 5 ಎಂದೂ ಇದ್ದರೆ ಎರಡನ್ನೂ ಗುಣಿಸಿ ನೂರರಿಂದ ಭಾಗಿಸಬೇಕು: ಮೈಕ್ರೋಲೀಟರಿಗೆ 400. ಶೇಕಡಾ 5 ‘ನಾರ್ಮಲ್’ ಎಂದೇ ವರದಿಯಲ್ಲಿ ಅಚ್ಚಾಗಿರುತ್ತದೆ, ಆದರೆ ಹೆಚ್ಚಿನ ಪ್ರಮಾಣದ ಇನ್‌ಹೇಲರ್ ತೆಗೆದುಕೊಳ್ಳುತ್ತಲೂ ಉಬ್ಬಸ ಬಿಡದವರಲ್ಲಿ 150 ಕೂಡ ಲೆಕ್ಕಕ್ಕೆ ಬರುತ್ತದೆ. ಈ ಸಂಖ್ಯೆ ಬೆಳಗಿನಿಂದ ರಾತ್ರಿಗೆ ಏರಿಳಿಯುವುದರಿಂದ ಒಂದೇ ಸಲದ ಪರೀಕ್ಷೆ ನಂಬಿ ಕೂರಬಾರದು. ಸ್ಟೀರಾಯ್ಡ್ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದು ಸೊನ್ನೆಯ ಹತ್ತಿರಕ್ಕೂ ಇಳಿಯಬಹುದು. ಹಾಗಾಗಿ ಉಲ್ಬಣವಾಗಿ ಆಸ್ಪತ್ರೆಗೆ ಹೋದಾಗ, ಮೊದಲ ಸ್ಟೀರಾಯ್ಡ್ ಕೊಡುವ ಮೊದಲೇ ಎರಡು ಮಿಲಿಲೀಟರ್ ರಕ್ತ ತೆಗೆಸಿಕೊಂಡರೆ ಒಳ್ಳೆಯದು. ಅದಕ್ಕಾಗಿ ಚಿಕಿತ್ಸೆ ಮಾತ್ರ ತಡವಾಗಬಾರದು. ಅದೂ ಆಗದಿದ್ದರೆ, ಹಿಂದೆಂದೋ ಜ್ವರಕ್ಕೆ, ಬಸಿರಿಗೆ, ಶಸ್ತ್ರಚಿಕಿತ್ಸೆಗೆ ಮಾಡಿಸಿದ ಹಳೆಯ ರಕ್ತಪರೀಕ್ಷೆಯ ಕಾಗದಗಳನ್ನು ಫೈಲಿನಲ್ಲಿ ಸೇರಿಸಿ ಶ್ವಾಸಕೋಶ ತಜ್ಞರಿಗೆ ತೋರಿಸಬಹುದು. ಸ್ಟೀರಾಯ್ಡ್ ಇಲ್ಲದ ದಿನಗಳ ಎಣಿಕೆ ಅಲ್ಲೇ ಇರುತ್ತದೆ.